ಕಟ್ಟದ ಬುಡದಲ್ಲಿ ಗಾಳ: ನಿಷೇಧವೋ, ನಿಯಮವೋ?

ಕಿಂಡಿ ಅಣೆಕಟ್ಟು ಬಂದ ಊರಿಗೆಲ್ಲ ಎರಡು ಸಂಗತಿ ಬರುತ್ತವೆ. ಒಂದು, ಬೇಸಗೆಗೆ ನೀರು. ಇನ್ನೊಂದು, ಮೀನಿನ ತಕರಾರು. ನೀರಿನ ಬಗ್ಗೆ ನಾವು ಕೃಷಿಕರು ಬೇಕಾದಷ್ಟು ಮಾತಾಡಿದ್ದೇವೆ. ಮೀನಿನ ಬಗ್ಗೆ ಮಾತಾಡಿದ್ದು ಕಡಿಮೆ. ಆದರೆ ಕಟ್ಟ ಉಳಿಯಬೇಕಾದರೆ, ಹೊಳೆ ಜೀವಂತ ಇರಬೇಕಾದರೆ ಎರಡನ್ನೂ ಒಟ್ಟಿಗೇ ನೋಡಬೇಕಾಗುತ್ತದೆ.

ಜಗಳ ಯಾತರದ್ದು?

ನಮ್ಮ ಸವಣೂರಿನ ಸುತ್ತ ಕುಮಾರಧಾರಾ ಉಂಟು, ಅದಕ್ಕೆ ಸೇರುವ ಗೌರಿ ಹೊಳೆ ಉಂಟು, ಇವುಗಳಿಗೆ ಇಳಿಯುವ ನೂರಾರು ತೋಡುಗಳು ಉಂಟು. ಹಿಂದೆ ಬೇಸಗೆ ಬಂತೆಂದರೆ ಕಲ್ಲು, ಮಣ್ಣು, ಸೊಪ್ಪು ಹಾಕಿ ಬೈಲಿನವರೇ ಸೇರಿ ಕಟ್ಟ ಕಟ್ಟುತ್ತಿದ್ದರು. ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿ ಹೋಗುತ್ತಿತ್ತು. ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ಆ ಪದ್ಧತಿಗೆ ಇನ್ನೂ ಹೆಸರಿದೆ. ಈಗ ಅಲ್ಲಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂದಿದೆ. ಮಳೆ ಬಿಟ್ಟ ಮೇಲೆ ಹಲಗೆ ಇಳಿಸುವುದು, ಮುಂಗಾರಿನ ಮೊದಲು ಎತ್ತುವುದು.

ಕಾಂಕ್ರೀಟು ಬಂದ ಮೇಲೆ ಅದರ ಬೋರ್ಡೂ ಬಂತು. ‘ಇಲ್ಲಿ ಈಜಬಾರದು, ಮೀನು ಹಿಡಿಯಬಾರದು’ ಎಂದು. ಗಾಳ ಹಾಕುವವರಿಗೆ ಇದು ಸಿಟ್ಟು ತರಿಸುತ್ತದೆ. “ಅಣ್ಣಾ, ನಾನು ಒಂದು ಗಾಳ ಹಾಕಿ ಕೂತರೆ ಕಟ್ಟ ಒಡೆದು ಹೋಗ್ತದಾ? ರಾತ್ರಿ ತೋಟೆ ಹಾಕುವವನನ್ನು ಕೇಳುವವರಿಲ್ಲ. ಹಗಲು ಕೂತವನಿಗೆ ಕಾನೂನು!” ಇದು ನಾನು ಹಲವರ ಬಾಯಲ್ಲಿ ಕೇಳಿದ ಮಾತು. ಇನ್ನೊಂದು ಕಡೆ ಹಲಗೆ ಹಾಕಿದ ಕೃಷಿಕರ ಮಾತು: “ಮೀನಿಗೆ ಬಂದವರು ಹಲಗೆ ಎಬ್ಬಿಸ್ತಾರೆ ಮಾರಾಯ್ರೇ. ಒಬ್ಬರನ್ನೂ ಹತ್ತಿರ ಬಿಡಬಾರದು.”

ಎರಡೂ ಮಾತಿನಲ್ಲಿ ಸತ್ಯ ಉಂಟು. ಆದ್ದರಿಂದ ಯಾರ ಪಕ್ಷ ಎಂದು ತೀರ್ಮಾನಿಸುವ ಮೊದಲು ವಿಷಯವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೀನು ಕಟ್ಟದ ಬುಡಕ್ಕೇ ಬರುವುದೇಕೆ?

ಮೊದಲ ಮಳೆಗೆ ಹೊಳೆ ಕೆಂಪಾಗಿ ಏರಿದಾಗ ಮೀನು ಮೇಲಕ್ಕೆ ಹತ್ತುತ್ತದೆ. ನಮ್ಮವರು ಉಬರ್ ಎನ್ನುತ್ತಾರೆ, ಘಟ್ಟದ ಮೇಲಿನವರು ಹತ್ತುಮೀನು ಎನ್ನುತ್ತಾರೆ. ಹತ್ತುವುದು ಮೊಟ್ಟೆ ಇಡಲಿಕ್ಕೆ. ಕೆಲವು ಜಾತಿ ತೋಡಿಗೆ, ಗದ್ದೆಗೆ ನುಗ್ಗುತ್ತವೆ. ಪೆರುವೋಳಿನಂಥ ಮೀನು ಹರಿಯುವ ತಿಳಿನೀರು, ಜಲ್ಲಿಕಲ್ಲಿನ ತಳ ಹುಡುಕಿಕೊಂಡು ಮೇಲೆ ಹೋಗುತ್ತದೆ.

ದಾರಿಯಲ್ಲಿ ಒಂದು ಅಡ್ಡಗೋಡೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಮೀನು ವಾಪಸು ಹೋಗುವುದಿಲ್ಲ. ಬೀಳುವ ನೀರಿನ ಬುಡದಲ್ಲೇ ನಿಂತು ಹಾರಿ ಹಾರಿ ನೋಡುತ್ತದೆ. ಹಿಂದಿನಿಂದ ಇನ್ನಷ್ಟು ಮೀನು ಬರುತ್ತವೆ. ಹೀಗೆ ಮೈಲುಗಟ್ಟಲೆ ಹೊಳೆಯಲ್ಲಿ ಚದರಿದ್ದ ಮೀನು ನಾಲ್ಕು ಸೆಂಟ್ಸ್ ಜಾಗದಲ್ಲಿ ಗುಂಪಾಗುತ್ತದೆ. ದಣಿದಿರುತ್ತದೆ, ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಅಲ್ಲಿ ಬೀಸುಬಲೆ ಹಾಕಿದರೆ ಒಂದು ಗಂಟೆಯಲ್ಲಿ ಸಿಗುವುದು ಬೇರೆ ಕಡೆ ಒಂದು ವಾರ ಕೂತರೂ ಸಿಗಲಿಕ್ಕಿಲ್ಲ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಕೆರೆಗೆ ಬಿಡುವ ಕಾಟ್ಲಾ, ರೋಹು ಜಾತಿಗಳಲ್ಲಿ ತಾಯಿಮೀನಿನ ಒಂದು ಕಿಲೋ ತೂಕಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ. ಪೆರುವೋಳಿನಲ್ಲಿ ಬರೇ ಸಾವಿರಗಳ ಲೆಕ್ಕ. ಬೆಳೆಯುವುದೂ ನಿಧಾನ. ಮೊಟ್ಟೆ ಹೊತ್ತ ನಾಲ್ಕು ತಾಯಿಮೀನು ಹೋದರೆ ಒಂದು ಗಯದ ಸಂತಾನವೇ ಹೋಯಿತು. ಬಾಳೆಗೊನೆ ಕಡಿದರೆ ಕಂದು ಉಳಿಯುತ್ತದೆ. ಇಲ್ಲಿ ಹಾಗಲ್ಲ, ಗೊನೆ ಕಂದು ಎರಡೂ ಒಟ್ಟಿಗೇ ಹೋಗುತ್ತವೆ.

ನಿರ್ಬಂಧಕ್ಕೆ ಮೂರು ಕಾರಣ

ಮೊದಲನೆಯದು ಈಗ ಹೇಳಿದ್ದು, ಮೀನಿನ ಸಂತಾನ.

ಎರಡನೆಯದು ಮನುಷ್ಯನ ಜೀವ. ಗೋಡೆಯ ಮೇಲಿಂದ ನೀರು ಬೀಳುವಲ್ಲಿ ತಳದ ನೀರು ಮುಂದಕ್ಕೆ ಹೋಗುತ್ತದೆ, ಮೇಲಿನ ನೀರು ಹಿಂದಕ್ಕೆ, ಗೋಡೆಯ ಕಡೆಗೆ ಉರುಳುತ್ತದೆ. ಮೇಲಿಂದ ನೋಡುವವನಿಗೆ ಬರೇ ಬಿಳಿ ನೊರೆ. ಒಳಗೆ ಬಿದ್ದವನನ್ನು ಈ ಸುಳಿ ಗೋಡೆಗೆ ಎಳೆಯುತ್ತದೆ, ಮುಳುಗಿಸುತ್ತದೆ, ಎತ್ತುತ್ತದೆ, ಪುನಃ ಎಳೆಯುತ್ತದೆ. ನೊರೆಯಲ್ಲಿ ಗಾಳಿ ಸೇರಿರುವುದರಿಂದ ಅದು ಮೈಯನ್ನು ಸರಿಯಾಗಿ ತೇಲಿಸುವುದೂ ಇಲ್ಲ. ಆಳ ಎದೆಮಟ್ಟ ಇದ್ದರೂ ಒಳ್ಳೆಯ ಈಜುಗಾರನೇ ಸೋಲುವುದು ಇದಕ್ಕೆ. ಗಾಳದ ದಾರ ಸಿಕ್ಕಿಬಿತ್ತೆಂದು ಬಿಡಿಸಲು ಇಳಿದವನು, ಅವನನ್ನು ಎಳೆಯಲು ಹಾರಿದವನು, ಇಬ್ಬರೂ ಹೋಗುವುದು ಹೀಗೆಯೇ. ಜಲವಿದ್ಯುತ್ತಿನ ಅಣೆಕಟ್ಟಾದರೆ ಇನ್ನೊಂದು ಅಪಾಯ. ಗೇಟು ಎತ್ತಿದಾಗ ಬಿಸಿಲಿನ ದಿನವೂ ಕೆಳಗೆ ನೀರು ಏರುತ್ತದೆ. ನಡುಬಂಡೆಯಲ್ಲಿ ಕೂತವನಿಗೆ ದಡಕ್ಕೆ ಬರಲು ಸಮಯವೇ ಇರುವುದಿಲ್ಲ.

ಮೂರನೆಯದು ಕಟ್ಟದ ರಕ್ಷಣೆ. ಹಲಗೆ ಸ್ವಲ್ಪ ಎಬ್ಬಿಸಿದರೆ ನುಗ್ಗುವ ನೀರಿನೊಟ್ಟಿಗೆ ಮೀನೂ ಬರುತ್ತದೆ. ಕೆಳಗೆ ಬಲೆ ಹಿಡಿದು ನಿಂತರಾಯ್ತು. ಇದರಿಂದ ಹೋಗುವ ನೀರೆಷ್ಟು? ಲೆಕ್ಕ ಹಾಕಿ ನೋಡಿದೆ. 2 ಮೀಟರ್ ಅಗಲದ ಒಂದೇ ಕಿಂಡಿಯಲ್ಲಿ ಮೇಲಿನ ಒಂದಡಿ ಹಲಗೆ ತೆಗೆದರೆ ಸೆಕೆಂಡಿಗೆ ಸುಮಾರು 600 ಲೀಟರ್ ಹೋಗುತ್ತದೆ. ಗಂಟೆಗೆ 20 ಲಕ್ಷ ಲೀಟರಿಗೂ ಮೇಲೆ. ಅಡಿಕೆ ಮರವೊಂದಕ್ಕೆ ಒಂದು ಸರದಿಗೆ 200 ಲೀಟರ್ ಹಿಡಿದರೆ 10,000 ಮರದ ನೀರು. ಎಕ್ರೆಗೆ 550 ಮರದ ಹಾಗೆ 18 ಎಕ್ರೆ ತೋಟ. ಒಂದು ಗಂಟೆಯ ಮೀನಿಗೆ 18 ಎಕ್ರೆಯ ಒಂದು ಸರದಿ ನೀರು! ಫೆಬ್ರವರಿ-ಮಾರ್ಚಿನಲ್ಲಿ ಹೀಗಾದರೆ ಕಟ್ಟ ಪುನಃ ತುಂಬಲು ಹೊಳೆಯಲ್ಲಿ ಹರಿವು ಬೇಕಲ್ಲ?

ಹಾಗಾಗಿ ಬೋರ್ಡು ಹಾಕಿದ್ದು ಸುಮ್ಮನೆ ಅಲ್ಲ. ಆದರೆ ಗಮನಿಸಿ. ಈ ಮೂರರಲ್ಲಿ ದೂರದ ದಡದಲ್ಲಿ ಡಿಸೆಂಬರಿನಲ್ಲಿ ಒಂದು ಗಾಳ ಹಾಕಿ ಕೂತವನ ಮೇಲೆ ಬರುವ ಆರೋಪ ಯಾವುದು? ಒಂದೂ ಇಲ್ಲ.

ಗಾಳದವರೇ ಕೇಳಿದ ಕಾನೂನು

ಗಾಳದವರೆಂದರೆ ಕಾನೂನಿನ ವಿರೋಧಿಗಳು ಎಂದು ನಾವು ತಿಳಿಯುತ್ತೇವೆ. ನಮ್ಮ ಜಿಲ್ಲೆಯ ಚರಿತ್ರೆ ಬೇರೆಯೇ ಹೇಳುತ್ತದೆ.

ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಹೆನ್ರಿ ಸಲಿವನ್ ಥಾಮಸ್ ಎಂಬ ಕಲೆಕ್ಟರ್ ಇದ್ದರು. ಗಾಳದ ಮರುಳು ಬಹಳ. 1870ರಲ್ಲಿ ಇವರು ನಮ್ಮ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ಸರಕಾರಕ್ಕೆ ವರದಿ ಬರೆದರು. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗಾಳದ ಪುಸ್ತಕ ಬರೆದು ಮಂಗಳೂರಿನಲ್ಲೇ ಅಚ್ಚು ಹಾಕಿಸಿದರು. ಭಾರತದ ಗಾಳಗಾರರಿಗೆ ಅದು ಹಲವು ಕಾಲ ಕೈಪಿಡಿಯಾಗಿತ್ತು. ಹೊಳೆಗೆ ವಿಷ ಹಾಕುವುದು, ಮರಿಗಳನ್ನು ಸೋಸಿ ತೆಗೆಯುವ ಸಣ್ಣ ಕಣ್ಣಿನ ಬಲೆ, ಇವನ್ನು ನಿಲ್ಲಿಸಬೇಕೆಂದು ವಾದಿಸಿದವರಲ್ಲಿ ಇವರೂ ಒಬ್ಬರು. ಅದೇ 1873ರಲ್ಲಿ ಫ್ರಾನ್ಸಿಸ್ ಡೇ ಎಂಬ ಮೀನು ತಜ್ಞ ಇಡೀ ದೇಶದ ಸಿಹಿನೀರಿನ ಮೀನಿನ ಬಗ್ಗೆ ವರದಿ ಕೊಟ್ಟರು. ಅಣೆಕಟ್ಟುಗಳು ಮೀನಿನ ದಾರಿ ಕಟ್ಟುತ್ತವೆ ಎಂಬ ವಿಷಯ ಅದರಲ್ಲೂ ಉಂಟು.

ಮುಂದೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಅದರ 4ನೇ ಕಲಮು ತೋಟೆಗೆ, 5ನೇ ಕಲಮು ವಿಷಕ್ಕೆ ತಡೆ ಹಾಕಿತು. 6ನೇ ಕಲಮಿನಲ್ಲಿ ಗೊತ್ತುಮಾಡಿದ ನೀರಿನಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸುವ ಅಧಿಕಾರ ಸರಕಾರಕ್ಕೆ ಸಿಕ್ಕಿತು. ಆದರೆ ಅದಕ್ಕೊಂದು ಮಿತಿ ಇಟ್ಟರು, 2 ವರ್ಷಕ್ಕಿಂತ ಹೆಚ್ಚಿಲ್ಲ ಎಂದು. ಅಂದರೆ ತೋಟೆ, ವಿಷಕ್ಕೆ ಯಾವಾಗಲೂ ನಿಷೇಧ. ಉಳಿದದ್ದಕ್ಕೆ ಹದವರಿತ ನಿಯಮ. ನೂರಕ್ಕೂ ಹೆಚ್ಚು ವರ್ಷ ಹಿಂದಿನ ಈ ವಿವೇಕ ಇವತ್ತಿನ ಬೋರ್ಡಿನಲ್ಲಿ ಕಾಣುವುದಿಲ್ಲ. ಕರ್ನಾಟಕದ್ದೇ ಆದ 1996ರ ಒಳನಾಡು ಮೀನುಗಾರಿಕೆ ಅಧಿನಿಯಮವೂ ತೋಟೆ, ವಿಷವನ್ನು ಒಪ್ಪುವುದಿಲ್ಲ.

ಕಾವೇರಿಯ ಪಾಠ

ಗಾಳದವರು ಮತ್ತು ಸರಕಾರ ಎದುರುಬದುರಾದ ದೊಡ್ಡ ಪ್ರಕರಣ ನಮ್ಮ ರಾಜ್ಯದಲ್ಲಿ ಆದದ್ದು ಕಾವೇರಿಯಲ್ಲಿ. ಶಿವನಸಮುದ್ರದಿಂದ ಕೆಳಗೆ ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆ ಎಂಬ ಜಾಗಗಳಿವೆ. ಅಲ್ಲಿಯ ಮೀನು ಲೋಕಪ್ರಸಿದ್ಧ. ನಮ್ಮ ಪೆರುವೋಳಿನದೇ ಬಳಗ, ಬೆನ್ನಿನಲ್ಲಿ ಗೂನು, ಗಾತ್ರದಲ್ಲಿ ದೈತ್ಯ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರಿಗೆ ಗಾಳದಲ್ಲಿ ಸಿಕ್ಕಿದ್ದು 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು.

1970ರ ದಶಕದಲ್ಲಿ ಈ ಮೀನು ತೋಟೆಯಿಂದ ಹೋಗುತ್ತಾ ಬಂತು. ಆಗ ಗಾಳದವರ ಸಂಘವೊಂದು ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಹಿಡಿದು ಕಾವಲು ಹಾಕಿತು. ಮುಂದೆ ಜಂಗಲ್ ಲಾಡ್ಜಸ್ ಕೂಡ ಇಲ್ಲಿ ಶಿಬಿರ ನಡೆಸಿತು. ಕ್ರಮ ಹೀಗೆ: ಗಾಳ ಹಾಕುವುದು, ಮೀನು ಸಿಕ್ಕಿದರೆ ತೂಕ ನೋಡಿ ಬರೆದಿಡುವುದು, ವಾಪಸು ಹೊಳೆಗೆ ಬಿಡುವುದು. ಗಾಳಗಾರರು ಕೊಟ್ಟ ಹಣದಿಂದ ಕಾವಲುಗಾರರ ಸಂಬಳ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಿಗೇ ಇಲ್ಲಿ ಕೆಲಸ ಸಿಕ್ಕಿತು. ಹೊಳೆಯ ಪ್ರತಿ ಗಯವೂ ಗೊತ್ತಿದ್ದವರು ಅವರೇ ತಾನೆ!

ಕಾವೇರಿ ವನ್ಯಧಾಮ ಘೋಷಣೆಯಾದದ್ದು 1987ರಲ್ಲಿ. ಶಿಬಿರಗಳು ಅದರೊಳಗೇ ಬಂದವು. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ವನ್ಯಧಾಮದಲ್ಲಿ ಪ್ರಾಣಿ ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಹಿಡಿದದ್ದೇ ಎಂಬ ಅರ್ಥ ಬಂದು 2012ರ ಹೊತ್ತಿಗೆ ಗಾಳ ಪೂರ್ತಿ ನಿಂತಿತು.

ಗಾಳದವರು ಸುಮ್ಮನೆ ಕೂರಲಿಲ್ಲ. ಅವರ ವಾದ ಎರಡು. ಒಂದು, ನಾವು ಹೋದರೆ ಹೊಳೆಯ ಬದಿಯಲ್ಲಿ ಕಣ್ಣಿರುವುದಿಲ್ಲ, ತೋಟೆಯವರಿಗೆ ದಾರಿ ಸಲೀಸು. ಎರಡು, ನಮ್ಮ ಪುಸ್ತಕದಲ್ಲಿ ಲೆಕ್ಕ ಉಂಟು, ನಿಮ್ಮಲ್ಲಿಲ್ಲ.

ಎರಡನೆಯ ಮಾತಿಗೆ ಪುರಾವೆಯೂ ಸಿಕ್ಕಿತು. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರ ತನಕ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆ ಗಾಳ, 6,161 ಮೀನು. ಈ ಅಂಕಿ ಎರಡು ವಿಷಯ ಹೇಳಿತು. ಕಾವಲಿದ್ದ ಕಾಲದಲ್ಲಿ ಮೀನಿನ ಸಂಖ್ಯೆ ಹೆಚ್ಚಿತ್ತು. ಆದರೆ ಹೆಚ್ಚಿದ್ದು ಹೊರಗಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಯದೇ ಆದ ಗೂನುಬೆನ್ನಿನ ಮೀನು ಕಡಿಮೆಯಾಗುತ್ತಾ ಹೋಗಿತ್ತು. 2018ರಲ್ಲಿ ಈ ಗೂನುಬೆನ್ನಿನ ಮೀನು ‘ಟಾರ್ ರೆಮದೇವಿ’ ಎಂದು ಗುರುತಾಯಿತು. ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೂ ಸೇರಿತು.

ನೋಡಿ, ಇದು ಗಾಳದವರಿಗೂ ಕಹಿ ಸತ್ಯ. ಅವರು ಕಾದದ್ದು ಹೌದು, ಆದರೆ ಅವರ ಕಾವಲಿನೊಳಗೇ ಮೂಲ ಜಾತಿ ಕ್ಷೀಣಿಸಿತು. ಒಳ್ಳೆಯ ಉದ್ದೇಶದಿಂದ ಹೊರಗಿನ ಮರಿ ತಂದು ಬಿಟ್ಟದ್ದು ಹೊಳೆಗೆ ಒಳ್ಳೆಯದಾಗಲಿಲ್ಲ. ಜೊತೆಗೆ ಮೇಲೆ ಕೆಳಗೆ ಅಣೆಕಟ್ಟುಗಳು. ತಮಿಳುನಾಡಿನ ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದ ಮೇಲೆ ಸಮುದ್ರದಿಂದ ಕಾವೇರಿಯಲ್ಲಿ ಹತ್ತುತ್ತಿದ್ದ ಹಿಲ್ಸಾ ಮೀನಿಗೆ ಮೇಲಿನ ದಾರಿಯೇ ಮುಚ್ಚಿಹೋಯಿತು. ಅದು ಗಾಳದ ತಪ್ಪಲ್ಲ, ಗೋಡೆಯ ತಪ್ಪು. ಆದರೆ ಈ ಯಾವುದೂ ಗೊತ್ತಾಗುತ್ತಿರಲಿಲ್ಲ, ಆ ಪುಸ್ತಕದ ಲೆಕ್ಕ ಇಲ್ಲದಿದ್ದರೆ. ನಿಷೇಧದೊಂದಿಗೆ ಲೆಕ್ಕವೂ ನಿಂತಿತು.

ಶಿಶಿಲದ ಪಾಠ

ನಿಷೇಧ ಗೆದ್ದ ಜಾಗಗಳೂ ನಮ್ಮ ಹತ್ತಿರವೇ ಉಂಟು. ಸುಳ್ಯದ ತೊಡಿಕಾನ, ಬೆಳ್ತಂಗಡಿಯ ಶಿಶಿಲ. ದೂರದಲ್ಲಿ ಶೃಂಗೇರಿ, ಕಾವೇರಿ ದಡದ ರಾಮನಾಥಪುರ. ಇಲ್ಲೆಲ್ಲ ದೇವಸ್ಥಾನದ ಎದುರಿನ ಗಯದಲ್ಲಿ ದೇವರ ಮೀನು. ಹಿಡಿಯುವ ಹಾಗಿಲ್ಲ. ಬೋರ್ಡು ಇಲ್ಲದ ಕಾಲದಲ್ಲೂ ಯಾರೂ ಹಿಡಿಯುತ್ತಿರಲಿಲ್ಲ. ಇದನ್ನು ಬರೇ ಭಕ್ತಿ ಎಂದು ತಳ್ಳಬೇಡಿ. ಹೊಳೆಯ ಒಂದು ತುಂಡಿನಲ್ಲಿ ತಾಯಿಮೀನು ಉಳಿದರೆ ಮಳೆಗಾಲದಲ್ಲಿ ಅದರ ಮರಿ ಮೇಲೆ ಕೆಳಗೆ ಹರಡುತ್ತದೆ. ಹೊರಗಿನವರ ಗಾಳಕ್ಕೂ ಮೀನು ಸಿಗುವುದು ಅದರಿಂದ. ದೇವರ ಗಯ ಎಂದರೆ ಹೊಳೆಯ ಬೀಜದ ಕಣಜ.

ಆದರೆ ಶಿಶಿಲದಲ್ಲಿ 1996ರಲ್ಲಿ ಏನಾಯಿತು? ಯಾರೋ ಕಪಿಲಾ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತು ತೇಲಿದವು. ಊರವರು ನೆನಪಿಗೆ ‘ಮತ್ಸ್ಯಹತ್ಯಾ ಸ್ಮಾರಕ’ವನ್ನೇ ಕಟ್ಟಿದರು. ಮೀನಿಗೆ ಸ್ಮಾರಕ ಇರುವ ಊರು ಬೇರೆಲ್ಲಿ ಉಂಟು? ದೇವರ ಹೆದರಿಕೆ, ಊರಿನ ನಿಷೇಧ ಎರಡೂ ಇದ್ದಲ್ಲೇ ಹೀಗಾದರೆ, ಒಂದು ತಗಡಿನ ಬೋರ್ಡು ಮಾತ್ರ ಇರುವ ನಮ್ಮ ಕಟ್ಟದ ಗತಿ ಏನು? ವಿಷಕ್ಕೆ ಹತ್ತು ನಿಮಿಷ ಸಾಕು. ಅದನ್ನು ತಡೆಯುವುದು ಹೊಳೆಯ ಬದಿಯಲ್ಲಿ ಕಣ್ಣಿಟ್ಟವರು ಮಾತ್ರ. ಅಂಥ ಕಣ್ಣು ಯಾರದ್ದು? ದಡದ ತೋಟದವರದ್ದು. ಇನ್ನೊಂದು, ಗಾಳ ಹಾಕಿ ಕೂತವರದ್ದು.

ನಮ್ಮ ಪಾಲೆಷ್ಟು?

ಗಾಳದವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಅಂಗಳವನ್ನೂ ಗುಡಿಸಬೇಕಲ್ಲ?

ಕೊಳೆರೋಗಕ್ಕೆ ಬೋರ್ಡೋ ಬಿಡುವುದು ಮಳೆಯ ಆರಂಭದಲ್ಲಿ. ಉಬರ್ ಹತ್ತುವುದೂ ಆಗಲೇ. 100 ಲೀಟರಿಗೆ 1 ಕಿಲೋ ಮೈಲುತುತ್ತು ಹಾಕಿದ ಶೇಕಡಾ 1ರ ದ್ರಾವಣದಲ್ಲಿ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ ಉಂಟು. ಮೀನಿನ ಮರಿಗೆ ಲೀಟರಿಗೆ ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ ಕರಗಿದ ತಾಮ್ರ ಸಾಕು, ಸಾಯಲಿಕ್ಕೆ. ಸುಣ್ಣ ಕಡಿಮೆಯಿರುವ ನಮ್ಮ ಹೊಳೆಯ ಮೆದುನೀರಿನಲ್ಲಿ ತಾಮ್ರದ ವಿಷ ಇನ್ನೂ ಹೆಚ್ಚು. ಸರಿಯಾಗಿ ಸುಣ್ಣ ಸೇರಿದ ಬೋರ್ಡೋ ಅಷ್ಟು ಬೇಗ ಕರಗುವುದಿಲ್ಲ, ನಿಜ. ಆದರೆ ಸುಣ್ಣ ಸೇರಿಸುವ ಮೊದಲಿನ ಬರೀ ಮೈಲುತುತ್ತಿನ ನೀರು ಉಂಟಲ್ಲ, ಅದು ನೇರ ವಿಷ. ಆ ಡ್ರಮ್ಮು ತೋಡಿನಲ್ಲಿ ತೊಳೆದರೆ, ಉಳಿದ ಮದ್ದು ಕಣಿಗೆ ಚೆಲ್ಲಿದರೆ ಕೆಳಗಿನ ಗಯದವರೆಗೆ ಅದರ ಕೆಲಸ ನಡೆಯುತ್ತದೆ. ಡ್ರಮ್ಮು ತೊಳೆದ ನೀರನ್ನು ತೋಟದೊಳಗೆ, ತೋಡಿನಿಂದ ದೂರ ಚೆಲ್ಲಬೇಕು. ಕಳೆನಾಶಕದ ಕ್ಯಾನೂ ಅಷ್ಟೆ.

ಹಿರಿಯರು ಬೇಸಗೆಯಲ್ಲಿ ಕಾಕಮಾರಿ ಬೀಜ, ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುತ್ತಿದ್ದರು. ಅದೂ ಸರಿಯಲ್ಲ. ಆದರೆ ಅದು ಒಂದು ಗುಂಡಿಗೆ ಮುಗಿಯುತ್ತಿತ್ತು. ಈಗಿನವರ ಕೈಯಲ್ಲಿ ಮೈಲುತುತ್ತು, ಬ್ಲೀಚಿಂಗ್ ಪೌಡರ್, ಕೀಟನಾಶಕ ಉಂಟು. ಇದೆಲ್ಲ ನಮ್ಮ ಪಂಪು ಎಳೆಯುವ ನೀರಿಗೆ, ದನ ಕುಡಿಯುವ ನೀರಿಗೆ ಬರುತ್ತದೆ. ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಕೆಳಗೆ ತುಂಬೆಯಿಂದ ಮಂಗಳೂರಿನ ನಲ್ಲಿಗೂ ಹೋಗುತ್ತದೆ.

ತೋಟೆಯ ಕತೆ ಬೇರೆ. ಅದರ ಹೊಡೆತಕ್ಕೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಹಲವು ತೇಲುವುದೇ ಇಲ್ಲ, ತಳಕ್ಕಿಳಿದು ಕೊಳೆಯುತ್ತವೆ. ಹಿಡಿದವನಿಗೆ ಸಿಗುವುದು ಸತ್ತದ್ದರ ಒಂದು ಪಾಲು. ಬ್ಯಾಟರಿ, ಲೈನಿನ ಕರೆಂಟು ಕೊಟ್ಟು ಹಿಡಿಯುವುದು ಮೀನಿಗೂ ಹಿಡಿದವನಿಗೂ ಒಟ್ಟಿಗೇ ಅಪಾಯ. ಗೋಡೆಯ ಹತ್ತಿರ ತೋಟೆ ಸಿಡಿದರೆ ಕಟ್ಟಕ್ಕೂ ಕೇಡು. ಮರಳಿನೊಟ್ಟಿಗೆ ಜಲ್ಲಿಯನ್ನೂ ಬಾಚಿದ ಹೊಳೆಯಲ್ಲಿ ಪೆರುವೋಳು ಮೊಟ್ಟೆ ಎಲ್ಲಿ ಇಡಬೇಕು ಹೇಳಿ.

ಕಟ್ಟದಲ್ಲೇ ಮೀನಿಗೆ ದಾರಿ

ಒಂದು ಸಮಾಧಾನದ ವಿಷಯ. ದೊಡ್ಡ ಅಣೆಕಟ್ಟಿಗೆ ಹೋಲಿಸಿದರೆ ಕಿಂಡಿ ಅಣೆಕಟ್ಟು ಮೀನಿಗೆ ಒಳ್ಳೆಯದು. ಮಳೆಗಾಲದಲ್ಲಿ ಹಲಗೆ ಇಲ್ಲದಿದ್ದರೆ ದಾರಿ ತೆರೆದೇ ಇರುತ್ತದೆ. ಆದರೆ ನಾವು ಮೂರು ಕಡೆ ಜಾಗ್ರತೆ ಮಾಡಬೇಕು.

ಹಲಗೆ ಎತ್ತಲು ತಡ ಮಾಡಬಾರದು. ಮೊದಲ ನೆರೆಗೆ ಮರದ ದಿಮ್ಮಿ, ಕಸ ಬಂದು ಹಲಗೆಗೆ ಒತ್ತಿದರೆ ಎತ್ತಲಿಕ್ಕೂ ಆಗುವುದಿಲ್ಲ, ಕಟ್ಟಕ್ಕೂ ಭಾರ. ಹತ್ತುವ ಮೀನೂ ಕೆಳಗೇ ಸಿಕ್ಕಿಬೀಳುತ್ತದೆ. ಕಟ್ಟಕ್ಕೆ ಒಳ್ಳೆಯದಾದದ್ದೇ ಮೀನಿಗೂ ಒಳ್ಳೆಯದು.

ಎರಡನೆಯದು, ಕೆಳಬದಿಯ ಕಾಂಕ್ರೀಟು ಹಾಸು. ಕೆಲವು ವರ್ಷದಲ್ಲಿ ಹಾಸಿನ ಕೊನೆಯಲ್ಲಿ ಮಣ್ಣು ಕೊರೆದು ಎರಡು ಮೂರಡಿ ಮೆಟ್ಟಿಲಾಗುತ್ತದೆ. ಹಲಗೆ ತೆಗೆದರೂ ಸಣ್ಣ ಮೀನು ಅದನ್ನು ಹಾರಲಾರದು. ಬದಿಯ ಒಂದು ಕಿಂಡಿಯ ಎದುರು ದೊಡ್ಡ ಕಾಡುಕಲ್ಲು ಇಳಿಜಾರಾಗಿ ತುಂಬಿಸಿದರೆ ನೀರು ಕಲ್ಲಿನೆಡೆಯಲ್ಲಿ ತಡೆತಡೆದು ಇಳಿಯುತ್ತದೆ, ಮೀನು ನಿಂತು ನಿಂತು ಹತ್ತುತ್ತದೆ. ಹಾಸಿನ ಬುಡ ಕೊರೆಯುವುದಕ್ಕೂ ಇದು ತಡೆ. ಬೇರೆ ದೇಶಗಳಲ್ಲಿ ಇಂಥ ಕಲ್ಲಿನ ಇಳಿಜಾರು ರೂಢಿಯಲ್ಲಿದೆ. ಕಟ್ಟಡದ ವಿಷಯವಾದ್ದರಿಂದ ಇಲಾಖೆಯ ಎಂಜಿನಿಯರರನ್ನು ಕೇಳಿಯೇ ಮಾಡಬೇಕು. ಹೊಸ ಕಟ್ಟದ ಪ್ಲಾನು ಆಗುವಾಗಲೇ ಕೇಳಿಕೊಂಡರೆ ಮತ್ತೂ ಸುಲಭ.

ಮೂರನೆಯದು, ಹಲಗೆ ಇಳಿಸುವಾಗ. ಒಂದೇ ದಿನ ಎಲ್ಲ ಕಿಂಡಿ ಮುಚ್ಚಿದರೆ ಕೆಳಗಿನ ಹೊಳೆ ಒಮ್ಮೆಲೇ ಒಣಗಿ ಮೀನು ಗುಂಡಿಗಳಲ್ಲಿ ಉಳಿಯುತ್ತದೆ. ನಾಲ್ಕು ದಿನದಲ್ಲಿ ಒಂದೊಂದೇ ಮುಚ್ಚಿ, ಒಂದು ಕಿಂಡಿಯಲ್ಲಿ ಸಣ್ಣ ಹರಿವು ಬಿಟ್ಟರೆ ಕೆಳಗಿನ ಮೀನೂ ಬದುಕುತ್ತದೆ, ಕೆಳಗಿನ ಕೃಷಿಕರ ಬಾಯಿಯೂ ಸುಮ್ಮನಿರುತ್ತದೆ.

ನಿಯಮ ಹೇಗಿರಬಹುದು?

ಸಮುದ್ರದ ಮೀನುಗಾರರನ್ನು ನೋಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ನಾಡದೋಣಿಯವರಿಗೆ ವಿನಾಯಿತಿ. ಅಂದರೆ ನಿರ್ಬಂಧ ಮನುಷ್ಯನ ಮೇಲಲ್ಲ, ಕಾಲದ ಮೇಲೆ ಮತ್ತು ಸಾಧನದ ಮೇಲೆ. ಹೊಳೆಗೂ ಇದೇ ದಾರಿ ಸರಿ ಎಂದು ನನ್ನ ಅಭಿಪ್ರಾಯ. ಕಟ್ಟದ ನೀರು ಬಳಸುವವರು, ಗಾಳದವರು, ಪಂಚಾಯತು ಒಟ್ಟಿಗೆ ಕೂತು ಹೀಗೊಂದು ಒಪ್ಪಂದ ಮಾಡಬಹುದು:

1. ತೋಟೆ, ವಿಷ, ಕರೆಂಟು: ಎಲ್ಲಿಯೂ, ಯಾವಾಗಲೂ, ಯಾರಿಗೂ ಇಲ್ಲ. ಕಂಡವರು ಕೂಡಲೇ ಪೊಲೀಸರಿಗೆ, ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ಸತ್ತ ಮೀನು ಕಂಡರೆ ಯಾರೂ ತಿನ್ನಬಾರದು, ಆ ದಿನ ಪಂಪು ಹಾಕಬಾರದು, ದನಕ್ಕೆ ನೀರು ಕೊಡಬಾರದು.

2. ಮೊದಲ ಉಬರಿನಿಂದ ಆಗಸ್ಟ್ ಕೊನೆಯ ತನಕ ಕಟ್ಟದ ಕೆಳಗೆ ಗಾಳ, ಬಲೆ, ಕೂಳಿ ಯಾವುದೂ ಇಲ್ಲ. ಹೊಟ್ಟೆಪಾಡಿಗೆ ಮೀನು ಹಿಡಿಯುವವರಿದ್ದರೆ ಆ ತಿಂಗಳುಗಳಲ್ಲಿ ಅವರು ಎಲ್ಲಿ ಹಿಡಿಯಬಹುದು ಎಂಬುದನ್ನೂ ಅದೇ ಸಭೆಯಲ್ಲಿ ಹೇಳಬೇಕು.

3. ಉಳಿದ ಕಾಲದಲ್ಲಿ ಗೋಡೆಯ ಮೇಲೆ ಕೆಳಗೆ ನೂರು ಮೀಟರ್ ಬಿಟ್ಟು ದಡದಿಂದ ಗಾಳ ಹಾಕಬಹುದು. ಗೋಡೆಯ ಮೇಲೆ, ಹಾಸಿನ ಮೇಲೆ ನಿಲ್ಲುವ ಹಾಗಿಲ್ಲ. ಗಡಿಗೆ ಎರಡು ಕಲ್ಲಿಗೆ ಬಿಳಿ ಬಣ್ಣ ಬಳಿದರೆ ಬೋರ್ಡಿಗಿಂತ ಚೆನ್ನಾಗಿ ತಿಳಿಯುತ್ತದೆ.

4. ಸಣ್ಣ ಕಣ್ಣಿನ ಬಲೆ, ಸೊಳ್ಳೆಪರದೆ ಬೇಡ. ಮೊಟ್ಟೆ ಹೊತ್ತದ್ದು, ಮರಿ, ಪೆರುವೋಳು ಸಿಕ್ಕಿದರೆ ಒದ್ದೆ ಕೈಯಲ್ಲಿ ಹಿಡಿದು ನೀರಿಗೆ ಬಿಡುವುದು. ಒಣಗಿದ ಕೈಗೆ ಮೀನಿನ ಮೈಯ ಲೋಳೆ ಅಂಟಿ ಬಂದರೆ ಅದು ಬದುಕುವುದು ಕಷ್ಟ.

5. ಹಲಗೆ ಮುಟ್ಟಿದರೆ ದಂಡ. ಇಳಿಸಲು, ಎತ್ತಲು ಗಾಳದವರೂ ಒಂದು ದಿನ ಕೆಲಸಕ್ಕೆ ಬರಬೇಕು. ಬೆವರು ಸುರಿಸಿದ ಕಟ್ಟದ ಹಲಗೆಯನ್ನು ಯಾರೂ ಕದ್ದು ಎಬ್ಬಿಸುವುದಿಲ್ಲ.

6. ಒಂದು ನೋಟುಪುಸ್ತಕ. ಯಾವ ದಿನ, ಯಾವ ಮೀನು, ಎಷ್ಟು ದೊಡ್ಡದು. ಗಾಳಿಬೋರೆಯಲ್ಲಿ ಆದದ್ದು ನಮ್ಮಲ್ಲಿ ಯಾಕೆ ಆಗಬಾರದು? ಹತ್ತು ವರ್ಷ ಬರೆದರೆ ನಮ್ಮ ಹೊಳೆಯ ಜಾತಕ ಸಿಗುತ್ತದೆ.

7. ಹೊರಗಿನ ಮೀನಿನ ಮರಿ ಹೊಳೆಗೆ ಬಿಡಬಾರದು. ಕೆರೆಗೆ ಬಿಡುವವರೂ ಮಳೆಗಾಲದಲ್ಲಿ ಅದು ತೋಡಿಗೆ ದಾಟದ ಹಾಗೆ ಜಾಲರಿ ಕಟ್ಟಬೇಕು.

ದೊಡ್ಡ ಜಲಾಶಯ, ಜಲವಿದ್ಯುತ್ತಿನ ಅಣೆಕಟ್ಟುಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ. ಅಲ್ಲಿ ಗೇಟಿನ ಅಪಾಯ ದೊಡ್ಡದು, ಅಲ್ಲಿನ ಬೋರ್ಡನ್ನು ಎದುರು ಮಾತಾಡದೆ ಪಾಲಿಸುವುದೇ ಕ್ಷೇಮ. ದೇವರ ಗಯಗಳಿಗೂ ಊರಿನ ಕಟ್ಟುಕಟ್ಟಳೆಯೇ ಪ್ರಮಾಣ.

“ಇಷ್ಟೆಲ್ಲ ಯಾರು ನೋಡಿಕೊಳ್ತಾರೆ?” ಎನ್ನಬಹುದು. ಕಟ್ಟ ಕಟ್ಟುತ್ತಿದ್ದ ಕಾಲದಲ್ಲಿ ನೀರಿನ ಸರದಿ ಯಾರು ನೋಡಿಕೊಳ್ಳುತ್ತಿದ್ದರು? ಬೈಲಿನವರೇ ಅಲ್ಲವೇ? ಕಾಂಕ್ರೀಟು ಸರಕಾರದ್ದು ಇರಬಹುದು, ನೀರಿಗೆ ಕಾಯುವವರು ನಾವು, ಮೀನಿಗೆ ಕಾಯುವವರು ಅವರು. ಇಬ್ಬರೂ ಹೊಳೆಯ ಬದಿಯಲ್ಲೇ ಇರುವವರು. ಗಾಳದವರನ್ನು ಓಡಿಸಿದ ಹೊಳೆಯಲ್ಲಿ ರಾತ್ರಿ ತೋಟೆಯವನಿಗೆ ಸಾಕ್ಷಿ ಹೇಳಲು ಯಾರೂ ಉಳಿಯುವುದಿಲ್ಲ. ಈ ಸಲ ಹಲಗೆ ಇಳಿಸುವ ಮೊದಲು ನಿಮ್ಮ ಕಟ್ಟದ ಸಭೆಗೆ ಅವರನ್ನೂ ಒಮ್ಮೆ ಕರೆದು ನೋಡಿ.